ಶವರ್‌ಗೆ ಇನ್‌ಲೈನ್ ಬೂಸ್ಟರ್ ಪಂಪ್: ಯಾರ ಮನೆಗೆ ಬೇಕು, ಯಾರ ಮನೆಗೆ ದಂಡ

"ಬಿಸಿನೀರಿಗೆ ಫೋರ್ಸೇ ಬರ್ತಿಲ್ಲ" ಅಂತ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಈಗೀಗ ಕೌಂಟರ್ ಮೇಲೆ ಬಂದು ಕೂರುವುದು ಒಂದೇ ಡಬ್ಬ: ಪೈಪಿನ ನಡುವೆಯೇ ಕೂರಿಸುವ ಪುಟ್ಟ ಬೂಸ್ಟರ್ ಪಂಪ್. ಗೇಣುದ್ದ, ಮೂರು ಕೆಜಿ ಆಸುಪಾಸು ತೂಕ, 100ರಿಂದ 120 ವ್ಯಾಟ್‌ನ ಮೋಟಾರು, ಪಕ್ಕದಲ್ಲಿ ಆಟೋ, ಆಫ್, ಮ್ಯಾನುಯಲ್ ಅನ್ನುವ ಮೂರು ಹಂತದ ಸ್ವಿಚ್. ಹೆಸರಾಂತ ಕಂಪನಿಗಳದ್ದೂ ಇದೆ, ಹೆಸರೇ ಕೇಳಿರದ ಆನ್‌ಲೈನ್ ಮಾಲೂ ಇದೆ. ಹೆಚ್ಚು ಓಡುವ ಅಳತೆ 15-90. ಇಲ್ಲಿ 15 ಅಂದರೆ ಪೈಪಿನ ಒಳಬಾಯಿ 15 ಮಿಲಿಮೀಟರ್, ನಮ್ಮ ಲೆಕ್ಕದ ಅರ್ಧ ಇಂಚು. 90 ಅಂದರೆ 90 ಡೆಸಿಮೀಟರ್, ಅಂದರೆ ಹೆಚ್ಚೆಂದರೆ 9 ಮೀಟರ್ ಹೆಡ್ (ಒತ್ತಡವನ್ನು ನೀರಿನ ಎತ್ತರದಲ್ಲಿ ಹೇಳುವ ಲೆಕ್ಕ). ಈ ವಿಮರ್ಶೆ ಆ ವರ್ಗದ ಪಂಪಿನದು. ಯಾವುದೋ ಒಂದು ಬ್ರ್ಯಾಂಡಿನದಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಮೇಲಿನ ಮಹಡಿಯ ಮನೆ, ನೆತ್ತಿಯ ಮೇಲೆಯೇ ಟ್ಯಾಂಕು, ತಣ್ಣೀರು ಬಿಸಿನೀರು ಎರಡೂ ಸೊರಗಿ ಬರುತ್ತಿವೆ: ಅಂಥವರಿಗೆ ಇದು ಕೊಟ್ಟ ಕಾಸಿಗೆ ಮೋಸವಿಲ್ಲದ ವಸ್ತು. ತಣ್ಣೀರು ಭರ್ರನೆ ಬಂದು ಬಿಸಿನೀರು ಮಾತ್ರ ಜಿನುಗುತ್ತಿದ್ದರೆ ಡಬ್ಬವನ್ನು ಅಲ್ಲೇ ಬಿಟ್ಟು ಬನ್ನಿ. ಆ ಮನೆಯ ರೋಗ ಸಾಮಾನ್ಯವಾಗಿ ಗೀಸರಿನಿಂದ, ಬಿಸಿನೀರು ತಣ್ಣೀರು ಬೆರೆಸುವ ನಲ್ಲಿಯಾದ ಮಿಕ್ಸರಿನವರೆಗಿನ ನಾಲ್ಕಡಿ ಹಾದಿಯಲ್ಲಿ ಇರುತ್ತದೆ, ಔಷಧಿ ಒಂದು ವಾಷರು, ಒಂದು ಜಾಲರಿ ಅಥವಾ ಒಂದು ಕನೆಕ್ಷನ್ ಪೈಪಿನ ಬೆಲೆಯದು. ಅಲ್ಲಿಗೆ ಪಂಪ್ ಹಾಕುವುದೆಂದರೆ ಮೂಗು ಕಟ್ಟಿದವನ ಮುಂದೆ ಫ್ಯಾನ್ ತಂದಿಟ್ಟ ಹಾಗೆ.

ಯಾವ ಗುಂಪಿಗೆ ಸೇರಿದ ಮನೆ ಅಂತ ತಿಳಿಯಲು ಹತ್ತು ಲೀಟರಿನ ಬಕೆಟ್ಟು, ಮೊಬೈಲಿನ ಸ್ಟಾಪ್‌ವಾಚು ಸಾಕು. ಗೀಸರ್ ಆಫ್ ಮಾಡಿ, ಒಳಗಿನ ನೀರು ತಣಿದ ಮೇಲೆ ಶವರ್ ಕೆಳಗೆ ಬಕೆಟ್ ಇಟ್ಟು ಮೊದಲು ತಣ್ಣೀರಿನ ಕಡೆ ಮಾತ್ರ ಪೂರ್ತಿ ಬಿಡಿ, ಆಮೇಲೆ ಬಿಸಿನೀರಿನ ಕಡೆ ಮಾತ್ರ. ತುಂಬಲು ಹಿಡಿದ ಸೆಕೆಂಡುಗಳಿಂದ 600 ಅನ್ನು ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಅಂತ ಸಿಗುತ್ತದೆ. 75 ಸೆಕೆಂಡಾದರೆ 8 ಲೀಟರ್, 150 ಆದರೆ 4. ಸಾಮಾನ್ಯ ನಾಲ್ಕಿಂಚಿನ ಶವರಿಗೆ ನಿಮಿಷಕ್ಕೆ 6ರಿಂದ 9 ಲೀಟರ್ ಇದ್ದರೆ ಸ್ನಾನ ಸರಾಗ. ಎಂಟಿಂಚಿನ ರೇನ್ ಶವರಿಗೆ 10–12 ಬೇಕು. ಶೋರೂಮಿನಲ್ಲಿ ನೋಡಿ ಮೆಚ್ಚಿ ತಂದವರು ಈ ಲೆಕ್ಕವನ್ನು ಆಮೇಲೆ ಕೇಳಿಸಿಕೊಳ್ಳುತ್ತಾರೆ. 4ಕ್ಕಿಂತ ಕೆಳಗಿಳಿದರೆ ತಲೆಯ ಶಾಂಪೂ ಹೋಗುವ ಹೊತ್ತಿಗೆ ಬಕೆಟ್ ಸ್ನಾನವೇ ಮೇಲು ಅನ್ನಿಸುತ್ತದೆ.

ಮೂರನೆಯ ಅಳತೆ ಕೆಳಗಿನ ನಲ್ಲಿಯದು. ನಲ್ಲಿಯಲ್ಲಿ ಧಾರಾಳವಾಗಿ ಬಂದು ಶವರಿನಲ್ಲಿ ಮಾತ್ರ ಬಾರದಿದ್ದರೆ ಶವರಿನ ತಲೆಯನ್ನು ತಿರುಗಿಸಿ ಬಿಚ್ಚಿ, ಬರಿಯ ಪೈಪಿನಿಂದ ಮತ್ತೆ ಅಳೆಯಿರಿ. ಆಗ ಬಂತೋ, ರಂಧ್ರಗಳಲ್ಲಿ ಸುಣ್ಣ ಕಟ್ಟಿದೆ. ಸಿಟ್ರಿಕ್ ಆ್ಯಸಿಡ್ ಪುಡಿ ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ಕರಗಿಸಿ ಒಂದೆರಡು ಗಂಟೆ ನೆನೆಹಾಕಿ, ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿದರೆ ಮುಗಿಯಿತು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮುಟ್ಟಿಸಬೇಡಿ, ಕ್ರೋಮ್ ಎದ್ದು ಬರುತ್ತದೆ. ತಲೆ ಬಿಚ್ಚಿದರೂ ಬಾರದಿದ್ದರೆ ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರ್ ನೋಡಬೇಕು. ಒಂದು ಮಾತು ನೆನಪಿರಲಿ: ನಲ್ಲಿ ಎರಡೂವರೆ ಅಡಿಯಲ್ಲಿ, ಶವರ್ ಏಳಡಿಯಲ್ಲಿ ಇರುತ್ತದೆ. ನಡುವಿನ ನಾಲ್ಕೂವರೆ ಅಡಿಯ ಹೆಡ್ ಶವರಿಗೆ ಸಿಗುವುದಿಲ್ಲ. ಕೆಳಗಿನ ಮಹಡಿಯಲ್ಲಿ ಅದು ಲೆಕ್ಕಕ್ಕಿಲ್ಲ; ಮೇಲಿನ ಮಹಡಿಯಲ್ಲಿ ಅದೇ ದೊಡ್ಡ ಪಾಲು.

ಯಾಕೆ ಅಂದರೆ ಟ್ಯಾಂಕಿನಿಂದ ಇಳಿಯುವ ನೀರಿಗೆ ಎತ್ತರವೇ ಒತ್ತಡ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್. ಹತ್ತಡಿ ಸೂರಿನ ಮನೆಯಲ್ಲಿ ಏಳಡಿಗೆ ಶವರ್ ಇದ್ದರೆ ಸೂರಿನವರೆಗೆ ಮೂರಡಿ, ಮೋಲ್ಡಿನ ದಪ್ಪ ಅರ್ಧ ಅಡಿ, ತಾರಸಿ ಮೇಲೆ ಟ್ಯಾಂಕಿನ ಸ್ಟ್ಯಾಂಡು ನಾಲ್ಕಡಿ: ಒಟ್ಟು ಏಳೂವರೆ ಅಡಿ, 2.3 ಮೀಟರ್, ಅಂದರೆ 0.23 ಬಾರ್. ಸಾವಿರ ಲೀಟರಿನ ಟ್ಯಾಂಕ್ ತುಂಬಿದ್ದರೆ ಅದರೊಳಗಿನ ನಾಲ್ಕಡಿ ನೀರೂ ಸೇರಿ 0.35 ಬಾರ್. ಬೆಳಿಗ್ಗೆ ಮೋಟಾರ್ ಹಾಕಿದ ಮೇಲೆ ಸ್ನಾನ ಚೆನ್ನಾಗಿ ಆಗಿ ರಾತ್ರಿ ಹೊತ್ತಿಗೆ ಸಪ್ಪೆಯಾಗುವುದು ಇದಕ್ಕೇ. ಅದೇ ಕಟ್ಟಡದಲ್ಲಿ ಒಂದು ಮಹಡಿ ಕೆಳಗೆ ಇಳಿದರೆ ಇನ್ನೊಂದು 0.3 ಬಾರ್ ಪುಕ್ಕಟೆ. ದೊಡ್ಡ ಶವರುಗಳ ಡಬ್ಬದ ಮೇಲೆ ಕನಿಷ್ಠ ಒತ್ತಡ ಎಂದು ಅರ್ಧ ಬಾರ್, ಒಂದು ಬಾರ್ ಅಂತ ಅಚ್ಚು ಹಾಕಿರುವುದನ್ನು ಇದರ ಪಕ್ಕ ಇಟ್ಟು ನೋಡಿ. ಸ್ಟ್ಯಾಂಡನ್ನು ಇನ್ನೂ ನಾಲ್ಕಡಿ ಎತ್ತರಿಸಿದರೆ ಕರೆಂಟಿಲ್ಲದೆ 0.12 ಬಾರ್ ಜಾಸ್ತಿ ಸಿಗುತ್ತದೆ, ಆಜೀವ ಪರ್ಯಂತ ಸಿಗುತ್ತದೆ. ಮನೆ ಕಟ್ಟಿಸುತ್ತಿರುವವರು ಮೇಸ್ತ್ರಿಗೆ ಈಗಲೇ ಹೇಳಬೇಕಾದ ಮಾತಿದು. ತುಂಬಿದ ಟ್ಯಾಂಕ್ ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ, ಕಟ್ಟಿಯಾದ ಮೇಲೆ ಇಟ್ಟಿಗೆ ಜೋಡಿಸಿ ಎತ್ತರಿಸುವ ಕೆಲಸ ಅಲ್ಲ.

ಎರಡೂ ನೀರು ನಿಧಾನ ಅಂತಾದರೂ ಪಂಪಿಗೆ ಮುಂಚೆ ತಾರಸಿ ಹತ್ತಿ ಒಂದು ವಾಲ್ವ್ ನೋಡಬೇಕು. ಟ್ಯಾಂಕಿನ ಹೊರದಾರಿಯಲ್ಲಿ ಹಳೆಯ ಹಿತ್ತಾಳೆ ಗೇಟ್ ವಾಲ್ವ್ ಇದ್ದರೆ ಹಿಡಿ ತಿರುಗುತ್ತದೆ, ಒಳಗಿನ ಗೇಟು ಮಾತ್ರ ಸ್ಪಿಂಡಲ್‌ನಿಂದ ಕಳಚಿ ಕೆಳಗೇ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ವಾಲ್ವ್ ಪೂರ್ತಿ ತೆರೆದಿದೆ ಅಂತಲೇ ಅನ್ನಿಸುತ್ತದೆ. ಅದನ್ನು ತೆಗೆದು, ಪೈಪಿನಷ್ಟೇ ಒಳದಾರಿ ಇರುವ ಫುಲ್ ಬೋರ್ ಬಾಲ್ ವಾಲ್ವ್ ಹಾಕಿ. ಇನ್ನು ಒಂದಿಂಚಿನಲ್ಲಿ ಇಳಿಯಬೇಕಾದ ಲೈನನ್ನು ಅರ್ಧ ಇಂಚಿನಲ್ಲೇ ಎಳೆದಿದ್ದರೆ ಪಂಪಿನ ಶಕ್ತಿ ಪೈಪಿನ ತಿಕ್ಕಾಟಕ್ಕೇ ಹೋಗುತ್ತದೆ: ಅಷ್ಟೇ ನೀರಿಗೆ ಮುಕ್ಕಾಲು ಇಂಚಿನ ಪೈಪಿಗಿಂತ ಅರ್ಧ ಇಂಚಿನದರಲ್ಲಿ ನಷ್ಟ ಸುಮಾರು ನಾಲ್ಕು ಪಟ್ಟು. ಅನುಮಾನವಿದ್ದರೆ 0–2.5 ಬಾರಿನ ಗೇಜ್ ಒಂದನ್ನು ನಲ್ಲಿಯ ಪಾಯಿಂಟಿಗೆ ಸಿಕ್ಕಿಸಿ. ಎಲ್ಲ ಬಂದ್ ಇದ್ದಾಗ ಮುಳ್ಳು 0.5ರಲ್ಲಿ ನಿಂತು, ಪಕ್ಕದ ನಲ್ಲಿ ಬಿಟ್ಟ ಕೂಡಲೇ 0.1ಕ್ಕೆ ಬಿದ್ದರೆ ಎಲ್ಲೋ ಕಟ್ಟಿಕೊಂಡಿದೆ. ಬಂದ್ ಇದ್ದಾಗಲೇ 0.2 ಅಂದರೆ ಎತ್ತರದ ಬಡತನ. ಎರಡನೆಯದಕ್ಕೆ ಮಾತ್ರ ಪಂಪ್ ಉತ್ತರ.

ಬಿಸಿನೀರು ಮಾತ್ರ ಸೊರಗಿರುವ ಮನೆಗೆ ಬರೋಣ, ದೂರುಗಳಲ್ಲಿ ಹೆಚ್ಚು ಅದರದೇ. ಗೀಸರಿನ ಎಂಸಿಬಿ ಇಳಿಸಿ, ನೀರು ತಣ್ಣಗಾಗುವವರೆಗೆ ಬಿಟ್ಟು, ಇನ್‌ಲೆಟ್ ಆಂಗಲ್ ಕಾಕ್ (ಗೋಡೆಯಿಂದ ನೀರು ಬಿಡುವ ಪುಟ್ಟ ವಾಲ್ವ್) ಮುಚ್ಚಿ, ಕೆಂಪು ಗುರುತಿನ ಔಟ್‌ಲೆಟ್ಟಿನ ಕನೆಕ್ಷನ್ ಪೈಪ್ ಕಳಚಿ ಬಾಯಿಗೆ ಬಕೆಟ್ ಹಿಡಿಯಿರಿ. ಈಗ ಕಾಕ್ ಪೂರ್ತಿ ತೆರೆಯಿರಿ. ನೀರು ದಪ್ಪಗೆ ಬಂದರೆ ಗೀಸರ್ ನಿರ್ದೋಷಿ, ತೊಂದರೆ ಅಲ್ಲಿಂದ ಮುಂದೆ. ಬಾರದಿದ್ದರೆ ನೀಲಿ ಗುರುತಿನ ಇನ್‌ಲೆಟ್ ಪೈಪನ್ನು ಕಳಚಿ ಅದನ್ನೂ ಹೀಗೇ ನೋಡಿ. ಅಲ್ಲಿ ದಪ್ಪಗೆ ಬಂತು ಅಂದರೆ ಅಡಚಣೆ ಗೀಸರಿನ ಒಳಗೆ ಅಥವಾ ಅದರ ವಾಲ್ವಿನಲ್ಲಿ. ಅಲ್ಲೂ ಬಾರದಿದ್ದರೆ ಆಂಗಲ್ ಕಾಕ್ ಅಥವಾ ಗೋಡೆಯೊಳಗಿನ ಲೈನ್. ಎರಡು ನಟ್ಟು ಬಿಚ್ಚಿದರೆ ಸಿಗುವ ಈ ಉತ್ತರಕ್ಕೆ ಮಿಕ್ಸರ್ ಬದಲಾಯಿಸಿ, ಗೀಸರ್ ಬದಲಾಯಿಸಿ, ಕೊನೆಗೆ ಗೋಡೆ ಒಡೆಯುವವರಿದ್ದಾರೆ.

ಮುಂದಿನ ಹಾದಿಯಲ್ಲಿ ಮೊದಲ ಆರೋಪಿ ಕನೆಕ್ಷನ್ ಪೈಪ್. ಹೊರಗೆ ಸ್ಟೀಲಿನ ಹೆಣಿಗೆ ಥಳಥಳ ಅನ್ನುತ್ತಿದ್ದರೂ ಒಳಗಿನ ರಬ್ಬರ್ ನಳಿಗೆ ಬಿಸಿಗೆ ಮೆತ್ತಗಾಗಿ ಕುಸಿದು ಕೂತಿರುತ್ತದೆ. ಗೀಸರನ್ನು ಎತ್ತರದಲ್ಲಿ ಹಾಕಿ ಉದ್ದದ ಪೈಪನ್ನು ಮಡಚಿ ಸಿಕ್ಕಿಸಿದ್ದರಂತೂ ಕೇಳುವುದೇ ಬೇಡ. ಬೇಕಾದಷ್ಟೇ ಉದ್ದದ ಹೊಸದು ಹಾಕಿ, ಅಗ್ಗದ ಪೈಪಿನ ಬಾಯನ್ನು ಅಂಗಡಿಯಲ್ಲೇ ಕಣ್ಣಿಟ್ಟು ನೋಡಿ: ಹೊರಗೆ ಅರ್ಧ ಇಂಚಿನ ನಟ್ಟಿದ್ದರೂ ಒಳತೂತು ಪೆನ್ಸಿಲ್ ದಪ್ಪವಷ್ಟೇ ಇರುವುದುಂಟು.

ಅದರ ನಂತರ ಮಿಕ್ಸರಿನ ಎರಡು ಲೆಗ್‌ಗಳು ಗೋಡೆಗೆ ಸೇರುವ ನಟ್ಟು. ಒಳಗಿನ ವಾಷರಿಗೇ ಬೆಸೆದ ಒಂದು ಜಾಲರಿ ಅನೇಕ ಮಿಕ್ಸರುಗಳಲ್ಲಿ ಬರುತ್ತದೆ. ತಣ್ಣೀರಿನ ಕಡೆಯದನ್ನು ತೆಗೆದರೆ ಒಂದೆರಡು ಮರಳಿನ ಕಾಳು. ಬಿಸಿನೀರಿನ ಕಡೆಯದನ್ನು ತೆಗೆದರೆ ಮೊಟ್ಟೆಯ ಸಿಪ್ಪೆ ಪುಡಿಮಾಡಿದಂಥ ಬಿಳಿ ಚಕ್ಕೆಗಳು ಜಾಲರಿಯ ಮುಕ್ಕಾಲು ಭಾಗ ಮುಚ್ಚಿಕೊಂಡಿರುತ್ತವೆ. ಬೆರಳಿನಿಂದ ಒತ್ತಿದರೆ ಕಟಕಟ ಮುರಿಯುತ್ತವೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾಯಿಸಿದಾಗ ಕರಗದ ಕಾರ್ಬನೇಟಾಗಿ ಹೊರಬೀಳುತ್ತದೆ, ಗೀಸರಿನ ಕಾಯಿಲ್ ಮೇಲೂ ಗೋಡೆಯ ಮೇಲೂ ಪದರ ಕಟ್ಟುತ್ತದೆ, ಆನ್ ಆಫ್ ಆಗುವ ಬಿಸಿ ತಂಪಿಗೆ ಬಿರಿದು ಚಕ್ಕೆಯಾಗಿ ಹೊರಡುತ್ತದೆ. ಬೋರ್ ನೀರಿನ ಬಡಾವಣೆಗಳಲ್ಲಿ ಬಿಸಿನೀರಿನ ಕಡೆಯೇ ಮೊದಲು ಕಟ್ಟಿಕೊಳ್ಳುವುದಕ್ಕೆ ಕಾರಣ ಇಷ್ಟೇ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪುವ ಮಿತಿ, ಬೇರೆ ಮೂಲವಿಲ್ಲದಿದ್ದರೆ 600. ಬೋರಿನ ನೀರು ಆ ಎರಡನೆಯ ಅಂಕಿಯ ಕಡೆಗಿದ್ದರೆ ಜಾಲರಿಯನ್ನು ಮೂರು ತಿಂಗಳಿಗೊಮ್ಮೆ ತೊಳೆಯುವ ಕೆಲಸ ಇದ್ದದ್ದೇ. ಟ್ಯಾಂಕ್ ತೊಳೆಸಿದ ಮಾರನೇ ದಿನದಿಂದ ಫೋರ್ಸ್ ಕಡಿಮೆಯಾಗಿದ್ದರೆ ಬೇರೇನೂ ಯೋಚಿಸದೆ ಮೊದಲು ಇದನ್ನೇ ಬಿಚ್ಚಿ.

ಎರಡು ಹಿಡಿಯ ಹಳೆಯ ಮಾದರಿ ಮಿಕ್ಸರಿನಲ್ಲಿ ಇನ್ನೊಂದು ಚೇಷ್ಟೆ ಇದೆ. ಬಿಟ್ಟ ತಕ್ಷಣ ನೀರು ಚೆನ್ನಾಗಿ ಬರುತ್ತದೆ. ಬಿಸಿ ಕಾಣಿಸಿಕೊಂಡ ಅರ್ಧ ನಿಮಿಷದಲ್ಲಿ ಯಾರೋ ತಿರುಗಿಸಿ ಮುಚ್ಚಿದಂತೆ ಸಣ್ಣಗಾಗುತ್ತದೆ. ಗೀಸರ್ ಆಫ್ ಇದ್ದ ದಿನ ಈ ತೊಂದರೆಯೇ ಇಲ್ಲ. ಒಳಗಿನ ರಬ್ಬರ್ ವಾಷರ್ ಬಿಸಿಗೆ ಉಬ್ಬಿ ದಾರಿ ಮುಚ್ಚುತ್ತಿದೆ ಅಂತ ಅರ್ಥ. ಬಿಸಿನೀರಿಗೆ ತಾಳುವ ವಾಷರ್ ಅಂತ ಕೇಳಿ ಹಾಕಿಸಿ, ಇಲ್ಲವೇ ಸ್ಪಿಂಡಲನ್ನೇ ಸೆರಾಮಿಕ್ ಡಿಸ್ಕಿನದಕ್ಕೆ ಬದಲಾಯಿಸಿ. ಒಂದೇ ಲಿವರಿನ ಮಿಕ್ಸರಿನಲ್ಲಿ ಈ ಕಥೆ ಇಲ್ಲ, ಅಲ್ಲಿ ಲಿವರಿನ ಕೆಳಗಿನ ಕಾರ್ಟ್ರಿಡ್ಜ್ ಒಳಗೆ ಚಕ್ಕೆ ಸಿಕ್ಕಿಕೊಳ್ಳುತ್ತದೆ. ಹೊಸ ಕಾರ್ಟ್ರಿಡ್ಜ್ ತರುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. 35 ಮತ್ತು 40 ಮಿಲಿಮೀಟರಿನವು ಕಣ್ಣಳತೆಗೆ ಒಂದೇ ಥರ ಕಾಣುತ್ತವೆ.

ಅಡಚಣೆ ಗೀಸರಿನದೇ ಅಂತಾದರೆ ಮೊದಲು ನೋಡುವುದು ಇನ್‌ಲೆಟ್ಟಿನ ಮಲ್ಟಿ ಫಂಕ್ಷನ್ ವಾಲ್ವ್. ನೀರು ಹಿಂದಕ್ಕೆ ಹೋಗದಂತೆ ತಡೆಯುವುದು, ಒಳಗಿನ ಒತ್ತಡ ಮಿತಿಮೀರಿದರೆ ಹೊರಬಿಡುವುದು ಎರಡೂ ಇದರ ಕೆಲಸ. ಸ್ಪ್ರಿಂಗಿನ ತಡೆ ಇರುವುದರಿಂದ ಕಾಲು ಬಾರಿನ ನೀರಿಗೆ ಇದು ಹೊಸದಾಗಿದ್ದಾಗಲೂ ಸ್ವಲ್ಪ ಭಾರವೇ. ಮಣ್ಣು ಸೇರಿದರೆ ಅರ್ಧ ತೆರೆದು ನಿಲ್ಲುತ್ತದೆ. ಬಿಚ್ಚಿ ತೊಳೆದು ಹಾಕಿ, ಹೋಗಿದ್ದರೆ ಅದೇ ರೇಟಿಂಗಿನ ಹೊಸದು ಹಾಕಿ. "ತೆಗೆದುಬಿಟ್ಟರೆ ಫೋರ್ಸ್ ಬರುತ್ತೆ ಸಾರ್" ಅನ್ನುವ ಪ್ಲಂಬರಿಗೆ ಒಪ್ಪಬೇಡಿ. ಥರ್ಮೋಸ್ಟಾಟ್ ಕೈಕೊಟ್ಟ ದಿನ ಟ್ಯಾಂಕ್ ಸಿಡಿಯದಂತೆ ನೋಡಿಕೊಳ್ಳುವುದು ಅದೇ ಭಾಗ. ಆಮೇಲೆ ಔಟ್‌ಲೆಟ್ ನಿಪ್ಪಲ್ಲು: ಗೋಡೆಗೆ ನಿಲ್ಲಿಸುವ ಗೀಸರಿನಲ್ಲಿ ಬಿಸಿನೀರಿನ ನಳಿಗೆ ತಳದಿಂದ ಟ್ಯಾಂಕಿನ ನೆತ್ತಿಯವರೆಗೆ ಒಳಗೇ ಹೋಗಿರುತ್ತದೆ, ಸುಣ್ಣ ಅದರ ಬಾಯಲ್ಲೂ ಗಂಟಲಲ್ಲೂ ಕಟ್ಟುತ್ತದೆ. ವರ್ಷಗಟ್ಟಲೆ ಸರ್ವಿಸ್ ಕಾಣದ ಬೋರ್ ನೀರಿನ ಗೀಸರುಗಳಲ್ಲಿ ಅರ್ಧ ಇಂಚಿನ ದಾರಿ ಕಡ್ಡಿ ತೂರುವಷ್ಟಕ್ಕೆ ಕಿರಿದಾಗಿರುವುದುಂಟು. ಟ್ಯಾಂಕ್ ಖಾಲಿ ಮಾಡಿ, ಕಾಯಿಲ್ ಪ್ಲೇಟ್ ಬಿಚ್ಚಿ, ಸುಣ್ಣ ಕೆರೆದು, ಗ್ಯಾಸ್ಕೆಟ್ ಹೊಸದು ಹಾಕಿ, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಷಿಯಂ ಆನೋಡ್ ಬದಲಾಯಿಸುವ ಕೆಲಸ ಇದು. ಕಂಪನಿಯ ಸರ್ವಿಸಿನವರಿಂದ ಮಾಡಿಸುವುದೇ ಸರಿ. ನೀರು ಮತ್ತೆ ತುಂಬಿ ನಲ್ಲಿಯಲ್ಲಿ ಧಾರೆ ಬರುವ ತನಕ ಸ್ವಿಚ್ ಹಾಕಬೇಡಿ, ಒಣ ಕಾಯಿಲ್ ನಿಮಿಷಗಳಲ್ಲಿ ಸುಡುತ್ತದೆ.

ಏನೂ ಕಟ್ಟಿಕೊಂಡಿಲ್ಲ, ಬಿಸಿನೀರಿನ ಕಡೆ ಮಾತ್ರ ಬಿಟ್ಟರೆ ಸುಮಾರಾಗಿ ಬರುತ್ತದೆ, ಆದರೆ ತಣ್ಣೀರು ಬೆರೆಸಿದ ಕೂಡಲೇ ಶವರ್ ಪೂರ್ತಿ ತಣ್ಣಗಾಗುತ್ತದೆ ಅನ್ನುವ ದೂರು ಬೇರೆಯೇ ಜಾತಿ. ಸೋಲಾರ್ ಇರುವ ಮನೆಗಳಲ್ಲಿ ಇದು ತುಂಬ. ತಣ್ಣೀರಿಗೆ ಮನೆಯಿಡೀ ಪ್ರೆಶರ್ ಪಂಪ್ ಇದೆ, ಎರಡು ಬಾರ್. ಬಿಸಿನೀರು ಸೋಲಾರ್ ಟ್ಯಾಂಕಿನಿಂದ ಬರೀ ಎತ್ತರದ ಮೇಲೆ ಇಳಿಯುತ್ತದೆ, ಕಾಲು ಬಾರ್. ಮಿಕ್ಸರ್ ಒಳಗೆ ಎರಡೂ ಎದುರಾದಾಗ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ, ಸೋಲಾರ್ ಟ್ಯಾಂಕಿನ ಏರ್ ವೆಂಟಿನಿಂದ ತಾರಸಿಗೆ ನೀರು ಚೆಲ್ಲುವುದೂ ಉಂಟು. ತಾತ್ಕಾಲಿಕಕ್ಕೆ ಮಿಕ್ಸರಿನ ತಣ್ಣೀರಿನ ಆಂಗಲ್ ಕಾಕನ್ನು ಮುಕ್ಕಾಲು ಮುಚ್ಚಿ ಸಮ ಮಾಡಿಕೊಳ್ಳಬಹುದು, ಬಿಸಿನೀರಿನ ಲೈನಿಗೆ ನೀರನ್ನು ಹಿಂದಕ್ಕೆ ಬಿಡದ ವಾಲ್ವ್ ಆದ ಎನ್‌ಆರ್‌ವಿ ಹಾಕಬಹುದು. ಖಾಯಂ ಪರಿಹಾರ ಎರಡಕ್ಕೂ ಒಂದೇ ಒತ್ತಡ ಕೊಡುವುದು: ಬಚ್ಚಲಿನ ತಣ್ಣೀರನ್ನೂ ಟ್ಯಾಂಕಿನಿಂದಲೇ ನೇರ ಇಳಿಸುವುದು, ಇಲ್ಲವೇ ಬಿಸಿನೀರಿಗೂ ಪಂಪ್ ಹಾಕುವುದು.

ಸೋಲಾರಿನ ಇನ್ನೊಂದು ಕಾಟ ಏರ್ ಲಾಕ್, ಅಂದರೆ ಪೈಪಿನಲ್ಲಿ ಗಾಳಿ ಸಿಕ್ಕಿ ನೀರನ್ನು ತಡೆಯುವುದು. ಟ್ಯಾಂಕ್ ಒಮ್ಮೆ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ಬಿಸಿನೀರು ಬುಸ್ ಬುಸ್ ಅಂದು ನಿಂತುಹೋದರೆ ಅದೇ. ನಡುವೆ ಗೀಸರಾಗಲಿ ಎನ್‌ಆರ್‌ವಿ ಆಗಲಿ ಇಲ್ಲದ ಲೈನಾದರೆ ಮಿಕ್ಸರಿನ ಎರಡೂ ಕಡೆ ತೆರೆದು ನಲ್ಲಿಯ ಬಾಯನ್ನು ಅಂಗೈಯಿಂದ ಒತ್ತಿ ಹಿಡಿಯಿರಿ, ಒತ್ತಡ ಜಾಸ್ತಿ ಇರುವ ತಣ್ಣೀರು ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ.

ಇಷ್ಟೆಲ್ಲ ದಾಟಿ ಎತ್ತರದ ಬಡತನವೇ ನಿಜ ಅಂತ ಗೊತ್ತಾದ ಮನೆಗೆ ಈಗ ಪಂಪ್ ತರೋಣ. ಕೆಲಸದಲ್ಲಿ ಇದು ನಿಜಕ್ಕೂ ಸದ್ದಿಲ್ಲದ ಯಂತ್ರ. ಮೋಟಾರಿನ ರೋಟರ್ ನೀರಿನಲ್ಲೇ ಮುಳುಗಿ ತಿರುಗುತ್ತದೆ, ಫ್ಯಾನ್ ಇಲ್ಲ, ಶಾಫ್ಟ್ ಸೀಲ್ ಇಲ್ಲ, ಸೋರುವ ಜಾಗ ಕಡಿಮೆ. ಬಚ್ಚಲಿನ ಬಾಗಿಲು ಹಾಕಿದರೆ ಓಡುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಓಡಿದರೆ ತಿಂಗಳಿಗೆ ಎರಡು ಯೂನಿಟ್ಟೂ ಆಗದು.

ಡಬ್ಬದ ಮೇಲಿನ ಅಂಕಿಗಳನ್ನು ಮಾತ್ರ ಸರಿಯಾಗಿ ಓದಿಕೊಳ್ಳಬೇಕು. ಗರಿಷ್ಠ ಹೆಡ್ 9 ಮೀಟರ್, ಗರಿಷ್ಠ ಹರಿವು ನಿಮಿಷಕ್ಕೆ ಇಪ್ಪತ್ತೈದೋ ಮೂವತ್ತೋ ಲೀಟರ್ ಅಂತ ಇರುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. 9 ಮೀಟರ್ ಸಿಗುವುದು ನೀರೇ ಹರಿಯದಿದ್ದಾಗ. ಶವರಿಗೆ ಬೇಕಾದ 8–10 ಲೀಟರಿನಲ್ಲಿ ಐದಾರು ಮೀಟರ್ ಅಂತ ಹಿಡಿದರೆ ನಿರಾಸೆಯಾಗದು. ಇನ್ನೊಂದು ಲೆಕ್ಕ: ಒತ್ತಡ ನಾಲ್ಕು ಪಟ್ಟಾದರೆ ನೀರು ಎರಡು ಪಟ್ಟಷ್ಟೇ. 0.2 ಬಾರಿನಲ್ಲಿ 4 ಲೀಟರ್ ಕೊಡುತ್ತಿದ್ದ ಶವರ್ 0.8 ಬಾರಿನಲ್ಲಿ 8 ಲೀಟರ್ ಕೊಡುತ್ತದೆ. ಮೇಲಿನ ಮಹಡಿಗೆ ಇದು ಬೇಕಾದಷ್ಟಾಯಿತು. ಸೂಜಿ ಚುಚ್ಚುವಂಥ ಹೋಟೆಲ್ ಶವರ್ ಬೇಕೆಂದವರಿಗೆ ಈ ಪಂಪ್ ಸಾಲದು.

ದೊಡ್ಡ ದೋಷ ಆಟೋ ಸ್ವಿಚ್ಚಿನದು, ಅಂದರೆ ಫ್ಲೋ ಸ್ವಿಚ್ಚಿನದು. ಒಳಗೆ ಆಯಸ್ಕಾಂತ ಹೊತ್ತ ಒಂದು ಪುಟ್ಟ ರೆಕ್ಕೆ ಅಥವಾ ಪಿಸ್ಟನ್ ಇದೆ. ನೀರು ಹರಿದಾಗ ಅದು ಸರಿದು ಮೋಟಾರಿಗೆ ಕರೆಂಟ್ ಕೊಡುತ್ತದೆ. ಸರಿಯಲು ನಿಮಿಷಕ್ಕೆ ಒಂದೂವರೆ–ಎರಡು ಲೀಟರಾದರೂ ತಾನಾಗಿ ಹರಿಯಬೇಕು. ಟ್ಯಾಂಕಿನ ತಳ ಶವರಿಗಿಂತ ಮೂರು ನಾಲ್ಕಡಿಯಷ್ಟೇ ಮೇಲಿರುವ ಮನೆಯಲ್ಲಿ ಅಷ್ಟೂ ಹರಿಯುವುದಿಲ್ಲ, ಅಂದರೆ ಪಂಪ್ ಅತ್ಯಗತ್ಯವಾದ ಮನೆಯಲ್ಲೇ ಪಂಪ್ ಆನ್ ಆಗದು. ಅಂಥಲ್ಲಿ ಮ್ಯಾನುಯಲ್ಲಿಗೆ ಇಟ್ಟು ಬಚ್ಚಲ ಹೊರಗೆ ಸ್ವಿಚ್ ಕೊಡಬೇಕು, ಇಲ್ಲವೇ ಪ್ರೆಶರ್ ಸ್ವಿಚ್ಚಿನ ಪಂಪಿಗೆ ಹೋಗಬೇಕು. ಕೊಳ್ಳುವ ಮುಂಚೆ ಬಕೆಟ್ ಲೆಕ್ಕ ಕೇಳುವುದಕ್ಕೆ ಇದೂ ಒಂದು ಕಾರಣ. ಗಡಸು ನೀರಿನಲ್ಲಿ ಇದೇ ರೆಕ್ಕೆ ಅಂಟಿಕೊಂಡು ಪಂಪ್ ನಿಲ್ಲದೆ ಓಡುತ್ತದೆ ಅಥವಾ ಏಳುವುದೇ ಇಲ್ಲ. ಬಿಚ್ಚಿ ತೊಳೆದರೆ ಸರಿಹೋಗುತ್ತದೆ. ರಜೆಗೆ ಊರಿಗೆ ಹೋಗಿ ಬಂದ ಮೇಲೆ ಬರೀ ಗುಂಯ್ ಅನ್ನುತ್ತಿದ್ದರೆ ರೋಟರ್ ಕಚ್ಚಿದೆ. ಕರೆಂಟ್ ತೆಗೆದು, ಮುಂದಿನ ದೊಡ್ಡ ಸ್ಕ್ರೂ ಬಿಚ್ಚಿ, ಒಳಗಿನ ಶಾಫ್ಟಿನ ತುದಿಯನ್ನು ಸ್ಕ್ರೂಡ್ರೈವರಿನಿಂದ ಎರಡು ಸುತ್ತು ತಿರುಗಿಸಿದರೆ ಬಿಡಿಸಿಕೊಳ್ಳುತ್ತದೆ.

ಎರಡನೆಯ ದೋಷ ಪಂಪಿನದಲ್ಲ, ಗೀಸರಿನದು, ಆದರೆ ಬೈಗುಳ ಪಂಪಿಗೆ. 15 ಲೀಟರ್ ಗೀಸರಿನ 60 ಡಿಗ್ರಿ ನೀರನ್ನು 25 ಡಿಗ್ರಿಯ ತಣ್ಣೀರಿನೊಂದಿಗೆ ಬೆರೆಸಿ 40 ಡಿಗ್ರಿಗೆ ತಂದರೆ ಲೆಕ್ಕದಲ್ಲಿ 35 ಲೀಟರ್, ಬಳಕೆಯಲ್ಲಿ ಮೂವತ್ತು. ನಿಮಿಷಕ್ಕೆ 4 ಲೀಟರಿದ್ದಾಗ ಏಳೆಂಟು ನಿಮಿಷ ಬರುತ್ತಿದ್ದದ್ದು 8 ಲೀಟರಾದಾಗ ನಾಲ್ಕೇ ನಿಮಿಷಕ್ಕೆ ತಣ್ಣಗೆ. 25 ಲೀಟರಿನ ಗೀಸರ್ ಇಲ್ಲದ ನಾಲ್ಕು ಜನರ ಮನೆ ಇದನ್ನು ಮೊದಲೇ ಯೋಚಿಸಬೇಕು. ಇನ್‌ಸ್ಟಂಟ್ ಗೀಸರಿದ್ದರಂತೂ ಪಂಪ್ ಉಪದ್ರವವೇ: 3 ಕಿಲೋವ್ಯಾಟಿನದು ನಿಮಿಷಕ್ಕೆ 2 ಲೀಟರ್ ಹರಿದರೆ ನೀರನ್ನು 21 ಡಿಗ್ರಿ ಏರಿಸುತ್ತದೆ, 4 ಲೀಟರ್ ಹರಿದರೆ ಬರೀ 10–11 ಡಿಗ್ರಿ. ಡಿಸೆಂಬರಿನಲ್ಲಿ ಅದು ಉಗುರುಬೆಚ್ಚಗೂ ಅಲ್ಲ. ಗ್ಯಾಸ್ ಗೀಸರಿಗೆ ಮಾತ್ರ ಉಲ್ಟಾ. ನೀರಿನ ಒತ್ತಡ ಡಯಾಫ್ರಮ್ಮನ್ನು ತಳ್ಳಿದರೆ ತಾನೇ ಒಲೆ ಹೊತ್ತುವುದು. ಒತ್ತಡ ಸಾಲದೆ ಚಟಚಟ ಅಂದು ಹೊತ್ತದಿರುವ ಗೀಸರಿಗೆ ಪಂಪ್ ಹಾಕಿದರೆ ಹೊತ್ತುತ್ತದೆ. ಅದರ ಇನ್‌ಲೆಟ್ ಜಾಲರಿ, ಬ್ಯಾಟರಿ ಮೊದಲು ನೋಡಿ. ಗ್ಯಾಸ್ ಗೀಸರ್ ಬಚ್ಚಲಿನ ಒಳಗಿದ್ದರೆ ಫೋರ್ಸಿನ ಚಿಂತೆ ಬಿಟ್ಟು ಅದನ್ನು ಹೊರಗೆ ಹಾಕಿಸಿ. ಅದು ಉಗುಳುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆ ಇಲ್ಲ.

ಎಲ್ಲಿ ಕೂರಿಸುವುದು ಅನ್ನುವುದರಲ್ಲೇ ಅರ್ಧ ಫಲ. ಗೀಸರಿನ ಔಟ್‌ಲೆಟ್ಟಿಗೆ ಹಾಕುವ ಪ್ಲಂಬರುಗಳಿದ್ದಾರೆ. ಹಾಗೆ ಮಾಡಿದರೆ ಬಿಸಿನೀರು ಮಾತ್ರ ಬಲಗೊಂಡು ಮಿಕ್ಸರಿನಲ್ಲಿ ತಣ್ಣೀರನ್ನು ತಳ್ಳುತ್ತದೆ, ಪಂಪೂ ಬಿಸಿಯಲ್ಲೇ ಬೇಯುತ್ತದೆ. ಬಚ್ಚಲಿಗೆ ಬರುವ ತಣ್ಣೀರಿನ ಲೈನು ಗೀಸರಿಗೂ ಮಿಕ್ಸರಿಗೂ ಕವಲೊಡೆಯುವ ಮುಂಚೆ ಹಾಕಿ. ಎರಡಕ್ಕೂ ಸಮ ಒತ್ತಡ ಸಿಗುತ್ತದೆ, ಸ್ಟೋರೇಜ್ ಗೀಸರಿನ ಟ್ಯಾಂಕು 8 ಬಾರಿನದಾಗಿದ್ದರೆ ಒಂದು ಬಾರೂ ಮುಟ್ಟದ ಈ ಪಂಪಿನಿಂದ ಅದಕ್ಕೆ ಭಯವಿಲ್ಲ. ಪಂಪಿನ ಎರಡೂ ಬದಿ ಬಾಲ್ ವಾಲ್ವ್, ಬಿಚ್ಚಿ ಜೋಡಿಸಬಹುದಾದ ಯೂನಿಯನ್ ಜಾಯಿಂಟು. ಮುಂಚೆ ಕಸ ಹಿಡಿಯುವ ಜಾಲರಿಯ ಒಂದು ವೈ-ಸ್ಟ್ರೇನರ್. ಕರೆಂಟಿಲ್ಲದಾಗ ನೀರು ಸಲೀಸಾಗಿ ಇಳಿಯಲು ಎನ್‌ಆರ್‌ವಿ ಇಟ್ಟ ಬೈಪಾಸ್. ಮೈಮೇಲಿನ ಬಾಣ ನೀರು ಹರಿಯುವ ದಿಕ್ಕಿಗೆ, ಮೋಟಾರಿನ ಶಾಫ್ಟ್ ಕಡ್ಡಾಯವಾಗಿ ಅಡ್ಡಡ್ಡ. ಶಾಫ್ಟನ್ನು ನೆಟ್ಟಗೆ ನಿಲ್ಲಿಸಿ ಕೂರಿಸಿದರೆ ಗಾಳಿ ತುಂಬಿ ಬೇರಿಂಗ್ ಸವೆಯುತ್ತದೆ. ಮೊದಲ ಸಲ ಓಡಿಸುವ ಮುಂಚೆ ನೀರು ಹರಿಸಿ ಗಾಳಿ ತೆಗೆಯಿರಿ. ಅರ್ಥಿಂಗ್ ಇರುವ ಸಾಕೆಟ್, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ, ಶವರಿನ ನೀರು ಸಿಡಿಯದ ಜಾಗ: ಈ ಮೂರರಲ್ಲಿ ರಾಜಿ ಬೇಡ. ಜಲಮಂಡಳಿಯ ಲೈನಿಗೆ ನೇರ ಹಾಕುವ ಯೋಚನೆ ಇದ್ದರೆ ಬಿಡಿ, ಅದು ಅಪರಾಧ. ಪಂಪ್ ಏನಿದ್ದರೂ ನಿಮ್ಮ ಟ್ಯಾಂಕಿನ ಕೆಳಗೆ.

ಸೋಲಾರಿನ ಬಿಸಿನೀರಿಗೇ ಹಾಕುವುದಾದರೆ ಲೇಬಲ್ಲಿನಲ್ಲಿ ನೀರಿನ ಗರಿಷ್ಠ ತಾಪ ಓದಿ. 60 ಡಿಗ್ರಿಗೇ ನಿಲ್ಲುವ ಪಂಪುಗಳಿವೆ; ಬೇಸಿಗೆಯ ಮಧ್ಯಾಹ್ನ ಸೋಲಾರ್ ನೀರು 80 ದಾಟುತ್ತದೆ. ಒತ್ತಡ ತಾಳದ ಮಾದರಿಯ ಸೋಲಾರ್ ಟ್ಯಾಂಕಿನ ವೆಂಟ್ ಪೈಪ್ ತೆರೆದಿದೆಯೇ ಅಂತ ತಾರಸಿಗೆ ಹೋಗಿ ಕಣ್ಣಾರೆ ನೋಡಿ. ಕಣಜ ಗೂಡು ಕಟ್ಟಿ ಅದು ಮುಚ್ಚಿದ್ದರೆ ಪಂಪ್ ಎಳೆಯುವ ರಭಸಕ್ಕೆ ತೆಳು ಟ್ಯಾಂಕ್ ಒಳಕ್ಕೆ ಚಪ್ಪಟೆಯಾಗುತ್ತದೆ.

ಎರಡು ಮೂರು ಬಚ್ಚಲು ಇದ್ದರೆ ಒಂದೊಂದಕ್ಕೂ ಇದನ್ನು ಹಾಕುತ್ತಾ ಹೋಗುವ ಬದಲು ಟ್ಯಾಂಕಿನ ಬುಡದಲ್ಲೇ ಪ್ರೆಶರ್ ಪಂಪ್ ಹಾಕುವುದು ಲೇಸು. ಅರ್ಧ ಎಚ್‌ಪಿಯ ಅಗ್ಗದ ಪಂಪು ಪ್ರೆಶರ್ ಸ್ವಿಚ್ಚಿನೊಂದಿಗೆ ಬರುತ್ತದೆ, ಫೋರ್ಸ್ ಜೋರು, ಸದ್ದೂ ಜೋರು. ಫ್ಲಶ್ ಟ್ಯಾಂಕ್ ಒಂದು ತೊಟ್ಟಿಕ್ಕುತ್ತಿದ್ದರೆ ಸಾಕು, ರಾತ್ರಿಯಿಡೀ ಟಕ್ ಅಂತ ಎದ್ದು ಟಕ್ ಅಂತ ನಿಲ್ಲುತ್ತಿರುತ್ತದೆ. ವೇಗ ತಾನೇ ಹೊಂದಿಸಿಕೊಳ್ಳುವ ವಿಎಫ್‌ಡಿ ಪಂಪಿಗೆ ಆ ಚಾಳಿ ಕಡಿಮೆ, ಬೆಲೆ ಹೆಚ್ಚು. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣ) ಲೈನಿನ ಮನೆಗೆ ಇವೆರಡನ್ನೂ ಹಾಕುವ ಮುಂಚೆ ಯೋಚಿಸಿ: ಇಷ್ಟು ವರ್ಷ ಕಾಲು ಬಾರಿನಲ್ಲಿ ಇದ್ದ ತುಕ್ಕು ಹಿಡಿದ ಜಾಯಿಂಟುಗಳು ಎರಡು ಬಾರಿಗೆ ಗೋಡೆಯೊಳಗೇ ಜಿನುಗಲು ಶುರುಮಾಡುತ್ತವೆ. ಇನ್‌ಲೈನ್ ಪಂಪಿನ ಮೃದುತನ ಇಂಥ ಹಳೆಯ ಮನೆಗೆ ಲಾಭವೇ.

ಬೆಲೆಯಲ್ಲಿ ಹೆಸರಿಲ್ಲದ ಮಾಲಿಗೂ ಹೆಸರಾಂತದ್ದಕ್ಕೂ ಎರಡು ಮೂರು ಪಟ್ಟು ಅಂತರವಿದೆ. ದುಬಾರಿಯದು ಕೊಡುವುದು ಹೆಚ್ಚು ನೀರಲ್ಲ. ಬಿಡಿಭಾಗ, ಊರಿನಲ್ಲೇ ಸರ್ವಿಸ್, ಅಂಟಿಕೊಳ್ಳದ ಫ್ಲೋ ಸ್ವಿಚ್. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಫ್ಲೋ ಸ್ವಿಚ್ ಬಿಡಿಯಾಗಿ ಸಿಗುತ್ತದೆಯೇ? ಇಲ್ಲ ಅಂದರೆ ಅದು ಹೋದ ದಿನ ಇಡೀ ಪಂಪ್ ಗುಜರಿಗೆ. ವಾರಂಟಿ ಕಾರ್ಡಿನಲ್ಲಿ ನೀರಿಲ್ಲದೆ ಓಡಿ ಸುಟ್ಟದ್ದಕ್ಕೆ, ಸುಣ್ಣ ಕಟ್ಟಿ ಕಚ್ಚಿದ್ದಕ್ಕೆ ಹೊಣೆಯಲ್ಲ ಅಂತ ಬರೆದಿದೆಯೇ ನೋಡಿಕೊಳ್ಳಿ. ಹಾಗಾಗಿ ಮ್ಯಾನುಯಲ್ಲಿನಲ್ಲಿ ಬಳಸುವವರು ಟ್ಯಾಂಕ್ ಖಾಲಿಯಾದಾಗ ಕರೆಂಟ್ ತಪ್ಪಿಸುವ ಫ್ಲೋಟ್ ಸ್ವಿಚ್ಚನ್ನು ಅದೇ ದಿನ, ಅದೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿಕೊಳ್ಳಿ.